ನಿಮ್ಮ ಶಾಲೆಯ ಮಕ್ಕಳನ್ನು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕರೆದೊಯ್ಯುವುದು ಹೇಗೆ?

"ಮೇಡಂ, ನಮ್ಮ ಮಕ್ಕಳಿಗೆ ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ತೋರಿಸಬೇಕು. ಯಾರನ್ನು ಕೇಳಬೇಕು? ಪತ್ರ ಹೇಗೆ ಬರೆಯಬೇಕು? ದುಡ್ಡು ಕೊಡಬೇಕಾ?" ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂದು ಸಲ, ಜನವರಿಯಲ್ಲಿ ಇನ್ನೊಂದು ಸಲ ಈ ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೇಳುವವರಲ್ಲಿ ಹೆಚ್ಚಿನವರು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು. ನಡುವೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ತಂದೆ ತಾಯಂದಿರೂ ಇರುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲಿಗೆ ಒಂದು ಪದ. ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ತಮ್ಮಲ್ಲಿ ಓದದವರಿಗೂ ತಮ್ಮ ಕೆಲಸವನ್ನು ತೋರಿಸಲು, ಕಲಿಸಲು ನಡೆಸುವ ಕಾರ್ಯಕ್ರಮಗಳಿಗೆ 'ಔಟ್‌ರೀಚ್' ಅನ್ನುತ್ತಾರೆ. ಕಾಲೇಜಿನ ಕಡತಗಳಲ್ಲಿ ಇದು 'ವಿಸ್ತರಣಾ ಚಟುವಟಿಕೆ' ಎಂದಿರುತ್ತದೆ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆ ಈ ವಿಸ್ತರಣಾ ಚಟುವಟಿಕೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ಹೋಗಿ ಕೇಳುವುದು ದೊಡ್ಡ ಉಪಕಾರವನ್ನೇನೂ ಅಲ್ಲ. ಅವರಿಗೂ ಮಕ್ಕಳು ಬೇಕು. ಅಳುಕಿಲ್ಲದೆ ಕೇಳಿ.

ನಾನು ಹೇಳಬೇಕೆಂದಿರುವ ಮುಖ್ಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ಬೆಂಗಳೂರಿಗೆ ಬಸ್ಸು ಮಾಡಿಕೊಂಡು ಹೋಗಿ ಬರುವುದಕ್ಕಿಂತ, ನಿಮ್ಮ ಜಿಲ್ಲೆಯಲ್ಲೇ ಇರುವ ಒಂದು ವಿಭಾಗದ ಜೊತೆ ವರ್ಷಕ್ಕೆ ಎರಡು ಮೂರು ಸಲ ಒಡನಾಟ ಇಟ್ಟುಕೊಳ್ಳುವುದು ಮಕ್ಕಳಿಗೆ ಹೆಚ್ಚು ಉಪಯೋಗ. ಬೆಂಗಳೂರಿಗೂ ಹೋಗಿ, ಬೇಡ ಅನ್ನುತ್ತಿಲ್ಲ. ಆದರೆ ಶುರು ಹತ್ತಿರದಿಂದಲೇ ಆಗಲಿ.

ಹಂತ 1: ನಿಮಗೆ ಬೇಕಾದದ್ದು ಯಾವ ಬಗೆಯದು ಎಂದು ತೀರ್ಮಾನಿಸಿ

'ಔಟ್‌ರೀಚ್' ಅನ್ನುವ ಒಂದೇ ಹೆಸರಿನಡಿ ಬೇರೆಬೇರೆ ಬಗೆಯ ಕಾರ್ಯಕ್ರಮಗಳಿವೆ.

ಒಂದು, ಓಪನ್ ಡೇ. ಸಂಸ್ಥೆ ತನ್ನ ಬಾಗಿಲನ್ನು ಎಲ್ಲರಿಗೂ ತೆರೆದಿಡುವ ದಿನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ಎಲ್ಲರಿಗೂ ಗೊತ್ತು. ವರ್ಷಕ್ಕೊಂದು ಶನಿವಾರ, ಸಾಮಾನ್ಯವಾಗಿ ಫೆಬ್ರವರಿ ಕೊನೆಗೆ ಅಥವಾ ಮಾರ್ಚ್ ಮೊದಲಿಗೆ ನಡೆಯುತ್ತದೆ. ಪ್ರವೇಶಕ್ಕೆ ಹಣವಿಲ್ಲ. ನೋಡಲು ಬೇಕಾದಷ್ಟಿರುತ್ತದೆ, ಜನಸಂದಣಿಯೂ ಅಷ್ಟೇ ಇರುತ್ತದೆ.

ಎರಡು, ಮೊದಲೇ ಹೇಳಿ ದಿನ ಗೊತ್ತು ಮಾಡಿಕೊಂಡು ಹೋಗುವ ಪ್ರಯೋಗಾಲಯ ಭೇಟಿ. ನಲವತ್ತು ಮಕ್ಕಳು, ಒಂದು ವಿಭಾಗ, ಎರಡು ಮೂರು ಗಂಟೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದೇ.

ಮೂರು, ಅಧ್ಯಾಪಕರು ಅಥವಾ ಸಂಶೋಧನಾ ವಿದ್ಯಾರ್ಥಿಗಳು ನಿಮ್ಮ ಶಾಲೆಗೇ ಬರುವುದು. ಬಸ್ಸಿನ ಖರ್ಚು ಉಳಿಯುತ್ತದೆ, ಇಡೀ ಶಾಲೆಗೆ ಸಿಗುತ್ತದೆ. ಆದರೆ ದೊಡ್ಡ ಉಪಕರಣಗಳು ಬರುವುದಿಲ್ಲ.

ನಾಲ್ಕು, ಶಿಬಿರ. ರಜೆಯಲ್ಲಿ ಕೆಲವು ದಿನ ನಡೆಯುತ್ತದೆ, ಆಯ್ದ ಮಕ್ಕಳಿಗೆ ಮಾತ್ರ. ಇದರ ವಿಚಾರ ಕೊನೆಯ ಹಂತಗಳಲ್ಲಿದೆ.

ಮೊದಲ ಸಲ ಕೈಹಾಕುವವರು ಎರಡನೆಯ ಬಗೆಯಿಂದ ಶುರು ಮಾಡಿ.

ಹಂತ 2: ಹತ್ತಿರದಲ್ಲಿ ಯಾರಿದ್ದಾರೆ ನೋಡಿ

ಜಿಲ್ಲಾವಾರು ಪಟ್ಟಿ ಕೊಡಲು ಹೋಗುವುದಿಲ್ಲ. ಎಲ್ಲೆಲ್ಲಿ ಹುಡುಕಬಹುದು ಅನ್ನುವುದಕ್ಕೆ ಕೆಲವು ಸುಳಿವು ಮಾತ್ರ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಒಂದೇ ದಿನ ಬೆಳಗ್ಗೆ ಕೇಂದ್ರ, ಮಧ್ಯಾಹ್ನ ವಿಶ್ವವಿದ್ಯಾಲಯದ ಒಂದು ವಿಭಾಗ ಎಂದು ಹೊಂದಿಸಿಕೊಳ್ಳಬಹುದು. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಜಿಲ್ಲಾ ವಿಜ್ಞಾನ ಕೇಂದ್ರ ಇವೆ. ಆಳಂದ ಕಡೆಯವರಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಹತ್ತಿರ. ಕರಾವಳಿಯವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ, ಜೊತೆಗೆ ಪಿಲಿಕುಳದ ವಿಜ್ಞಾನ ಕೇಂದ್ರ ಮತ್ತು ತಾರಾಲಯ. ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಜೊತೆಗೆ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇದೆ. ಅದು ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಬಳಗದ್ದು. ಈ ಬಳಗದ ಪ್ರಯೋಗಾಲಯಗಳು ಶಾಲಾ ಮಕ್ಕಳಿಗಾಗಿ 2017ರಿಂದ 'ಜಿಜ್ಞಾಸಾ' ಎಂಬ ಕಾರ್ಯಕ್ರಮ ನಡೆಸುತ್ತಿವೆ. ಕೇಳುವಾಗ ಆ ಹೆಸರು ಹಿಡಿದೇ ಕೇಳಿ.

ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ವಿಶ್ವವಿದ್ಯಾಲಯಗಳನ್ನು ನಮ್ಮ ಶಿಕ್ಷಕರು ಮರೆತೇಬಿಡುತ್ತಾರೆ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಶಿವಮೊಗ್ಗ, ಬಾಗಲಕೋಟೆ, ಬೀದರ್ ಎಲ್ಲ ಕಡೆಯೂ ಇವೆ. ಮಣ್ಣು, ಕೀಟ, ಬೀಜ, ಹಾಲು, ಜೇನು: ಹಳ್ಳಿಯ ಮಕ್ಕಳಿಗೆ ಮೊದಲೇ ಅರ್ಧ ಗೊತ್ತಿರುವ ವಿಷಯಗಳು. ತಮಗೆ ಗೊತ್ತಿದ್ದದ್ದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುವ ಮಗು ಪ್ರಶ್ನೆ ಕೇಳಲು ಹಿಂಜರಿಯುವುದಿಲ್ಲ. ಕೃಷಿ ಮೇಳದ ದಿನಗಳಲ್ಲಿ ಮಾತ್ರ ಬೇಡ. ಆ ನೂಕುನುಗ್ಗಲಿನಲ್ಲಿ ಪ್ರಯೋಗಾಲಯ ನೋಡುವುದು ಆಗದ ಮಾತು.

ಇದ್ಯಾವುದೂ ಹತ್ತಿರವಿಲ್ಲವೇ? ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋಗಿ. ಬಿ.ಎಸ್‌ಸಿ. ಇದ್ದರೆ ಭೌತ, ರಸಾಯನ, ಸಸ್ಯ, ಪ್ರಾಣಿ ವಿಜ್ಞಾನದ ಪ್ರಯೋಗಾಲಯಗಳು ಇದ್ದೇ ಇರುತ್ತವೆ. ಪ್ರೌಢಶಾಲೆಯ ಮಕ್ಕಳಿಗೆ ಅಷ್ಟು ಧಾರಾಳವಾಗಿ ಸಾಕು.

ಶಿಕ್ಷಕರಾದ ನಿಮಗೂ ಒಂದು ದಾರಿಯಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಐಐಎಸ್‌ಸಿಯ ಪ್ರತಿಭಾ ವಿಕಾಸ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ಅಲ್ಲೇ ಉಳಿಸಿಕೊಂಡು ಪ್ರಯೋಗ ಆಧಾರಿತ ತರಬೇತಿ ಕೊಡುತ್ತದೆ. ಹೋಗುವ ಅವಕಾಶ ಬಂದರೆ ಬಿಡಬೇಡಿ. ಅಲ್ಲಿ ಆಗುವ ಪರಿಚಯಗಳು ಮುಂದೆ ಮಕ್ಕಳ ಭೇಟಿಗೆ ಬಹಳ ಸಹಾಯವಾಗುತ್ತವೆ.

ಹಂತ 3: ಊರಿನಿಂದ ಒಂದು ಪ್ರಶ್ನೆ ತೆಗೆದುಕೊಂಡು ಹೋಗಿ

ಈ ಹಂತವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಭೇಟಿ ಸಪ್ಪೆಯಾಗುವುದು ಇಲ್ಲೇ. "ನಿಮ್ಮ ಪ್ರಯೋಗಾಲಯ ತೋರಿಸಿ" ಎಂದು ಹೋದರೆ ಅವರು ತೋರಿಸುತ್ತಾರೆ, ಮಕ್ಕಳು ನೋಡುತ್ತಾರೆ, ಅಲ್ಲಿಗೆ ಮುಗಿಯಿತು. "ನಮಗೆ ಇದನ್ನು ತಿಳಿಯಬೇಕಾಗಿದೆ, ನಿಮ್ಮ ಉಪಕರಣದಿಂದ ಆಗುತ್ತದೆಯೇ?" ಎಂದು ಹೋದರೆ ಅಧ್ಯಾಪಕರೇ ಕುರ್ಚಿ ಬಿಟ್ಟು ಎದ್ದು ಬರುತ್ತಾರೆ.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ. ಪಾವಗಡ, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ. ಹಲ್ಲಿನ ಮೇಲೆ ಕಂದು ಕಲೆಗಳು ಬರುವುದು ಇದರಿಂದಲೇ. ಹೆಚ್ಚು ವರ್ಷ ಕುಡಿದರೆ ಮೂಳೆಗೂ ತೊಂದರೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನಮ್ಮ ಊರಿನ ನೀರಿನಲ್ಲಿ ಎಷ್ಟಿದೆ? ಒಂಬತ್ತನೇ ತರಗತಿಯ ಮಗು ಕೇಳಬಹುದಾದ, ಕಾಲೇಜಿನ ರಸಾಯನ ವಿಭಾಗ ಉತ್ತರಿಸಬಹುದಾದ ಪ್ರಶ್ನೆ ಇದು.

ಮಾದರಿ ನೀರು ತುಂಬುವ ಕ್ರಮ ಹೀಗೆ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಅಳತೆ ಕೆಡಬಹುದು. ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯೇ ಸರಿ. ಮೋಟರ್ ಹಾಕಿ ಕೆಲವು ನಿಮಿಷ ನೀರು ಹರಿಯಲು ಬಿಡಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿ. ಬಾಟಲಿಯ ಮೇಲೆ ಚೀಟಿ ಅಂಟಿಸಿ: ದಿನಾಂಕ, ಹೊತ್ತು, ಜಾಗ, ಕೊಳವೆಬಾವಿಯೋ ತೆರೆದ ಬಾವಿಯೋ ಕೆರೆಯೋ, ಗೊತ್ತಿದ್ದರೆ ಎಷ್ಟು ಅಡಿ ಆಳ. ಶುದ್ಧ ನೀರಿನ ಘಟಕದ ನೀರನ್ನೂ ಒಂದು ಬಾಟಲಿ ತುಂಬಿಕೊಳ್ಳಿ, ಹೋಲಿಸಿ ನೋಡಲು ಬೇಕಾಗುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಎರಡು ವಿಧದಲ್ಲಿ ಅಳೆಯುತ್ತಾರೆ. ಒಂದರಲ್ಲಿ ಬಣ್ಣದ ದ್ರಾವಣ ಸೇರಿಸುತ್ತಾರೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಬಣ್ಣ ಪೇಲವವಾಗುತ್ತದೆ, ಆ ವ್ಯತ್ಯಾಸವನ್ನು ಉಪಕರಣ ಓದುತ್ತದೆ. ಇನ್ನೊಂದರಲ್ಲಿ ಫ್ಲೋರೈಡ್ ಅಯಾನಿಗೆ ಮಾತ್ರ ಸ್ಪಂದಿಸುವ ಇಲೆಕ್ಟ್ರೋಡನ್ನು ನೀರಿನಲ್ಲಿ ಅದ್ದುತ್ತಾರೆ. ತಮ್ಮ ಬೀದಿಯ ಹೆಸರು ಬರೆದ ಬಾಟಲಿಯ ನೀರಿಗೆ ಉಪಕರಣದ ಪರದೆಯಲ್ಲಿ ಒಂದು ಸಂಖ್ಯೆ ಮೂಡಿದಾಗ ಮಕ್ಕಳು ಒಬ್ಬರ ಮೇಲೊಬ್ಬರು ಬಾಗಿ ನೋಡುವುದನ್ನು ನೀವೇ ನೋಡುತ್ತೀರಿ.

ಎರಡು ಎಚ್ಚರಿಕೆ. ಒಂದು ಬಾಟಲಿಯ ಒಂದು ಅಳತೆಯಿಂದ ಊರಿನ ನೀರು ಕೆಟ್ಟಿದೆ ಎಂದು ಸಾರಬೇಡಿ. ಸಂಖ್ಯೆ ಹೆಚ್ಚು ಬಂದರೆ ಮತ್ತೊಮ್ಮೆ ಅಳೆಸಿ, ಆಮೇಲೆ ಮುಖ್ಯ ಶಿಕ್ಷಕರ ಮೂಲಕ ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ. ಹಾಗೆಯೇ ಕಲೆಯಾದ ಹಲ್ಲಿನ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಉದಾಹರಣೆ ಕೊಡುವುದು, ಫೋಟೊ ತೆಗೆಯುವುದು ಎಂದಿಗೂ ಬೇಡ.

ನಿಮ್ಮ ಊರಿಗೆ ಫ್ಲೋರೈಡ್ ಸಮಸ್ಯೆ ಇಲ್ಲದಿರಬಹುದು. ಅಡಿಕೆ ಕೊಳೆರೋಗ, ಕೆರೆಯ ನೀರಿನ ಹಸಿರು ಪಾಚಿ, ಹೊಲದ ಮಣ್ಣಿನ ಚೌಳು, ಮನೆಯ ಮೊಸರಿನ ಬ್ಯಾಕ್ಟೀರಿಯಾ, ಯಾವುದೂ ಆದೀತು. ಪ್ರಶ್ನೆ ಮಕ್ಕಳ ಬಾಯಿಂದಲೇ ಬರಬೇಕು. ಒಂದು ಪೀರಿಯಡ್ ಅದಕ್ಕೇ ಮೀಸಲಿಡಿ.

ಹಂತ 4: ಪತ್ರ ಬರೆಯಿರಿ

ಕುಲಪತಿಗಳಿಗೆ ಮಾತ್ರ ಬರೆದರೆ ಪತ್ರ ಮೇಜಿನಿಂದ ಮೇಜಿಗೆ ಹೋಗುತ್ತಾ ತಿಂಗಳು ಕಳೆಯುತ್ತದೆ. ನೇರವಾಗಿ ವಿಭಾಗದ ಮುಖ್ಯಸ್ಥರಿಗೆ ಬರೆಯಿರಿ, ಪ್ರತಿಯನ್ನು ಕುಲಸಚಿವರಿಗೆ ಅಥವಾ ಪ್ರಾಂಶುಪಾಲರಿಗೆ ಕಳಿಸಿ. ಇಮೇಲ್ ಕಳಿಸಿ, ಅಂಚೆಯಲ್ಲೂ ಹಾಕಿ, ಹತ್ತು ದಿನದ ಮೇಲೆ ಫೋನ್ ಮಾಡಿ. ಕಾಲೇಜು ಹತ್ತಿರವಿದ್ದರೆ ಪತ್ರ ಹಿಡಿದು ನೀವೇ ಹೋಗುವುದು ಎಲ್ಲಕ್ಕಿಂತ ಉತ್ತಮ.

ಪತ್ರ ಒಂದು ಪುಟ ಮೀರದಿರಲಿ. ಕನ್ನಡದಲ್ಲೇ ಬರೆಯಬಹುದು. ಕೇಂದ್ರ ಸಂಸ್ಥೆಗಳಿಗಾದರೆ ಇಂಗ್ಲಿಷ್ ಪ್ರತಿಯೂ ಜೊತೆಗಿರಲಿ. ಮಾದರಿ:

"ಮಾನ್ಯರೇ, ನಮ್ಮದು ಇಂಥ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. 9ನೇ ತರಗತಿಯ 36 ಮಕ್ಕಳು ಊರಿನ ಐದು ನೀರಿನ ಮೂಲಗಳಿಂದ ಮಾದರಿ ಸಂಗ್ರಹಿಸಿದ್ದಾರೆ. ಅದರಲ್ಲಿನ ಫ್ಲೋರೈಡನ್ನು ಅಳೆಯುವ ಬಗೆಯನ್ನು ತಮ್ಮ ವಿಭಾಗದಲ್ಲಿ ಕಣ್ಣಾರೆ ನೋಡಬೇಕು, ಸಾಧ್ಯವಾದರೆ ಒಂದು ಮಾದರಿಯನ್ನು ತಾವೇ ಅಳೆಯಬೇಕು ಎಂಬುದು ಅವರ ಆಸೆ. ನಮಗೆ ಎರಡು ಗಂಟೆ ಕಾಲಾವಕಾಶ ಸಾಕು. ಕೆಳಗಿನ ಮೂರು ದಿನಾಂಕಗಳಲ್ಲಿ ತಮಗೆ ಅನುಕೂಲವಾದ ಒಂದನ್ನು ತಿಳಿಸಬೇಕಾಗಿ ಕೋರುತ್ತೇವೆ. ಮಕ್ಕಳೊಂದಿಗೆ ಮೂವರು ಶಿಕ್ಷಕರು ಇರುತ್ತೇವೆ. ಊಟ, ಸಾರಿಗೆಯ ವ್ಯವಸ್ಥೆ ನಮ್ಮದೇ. ಕನ್ನಡದಲ್ಲಿ ವಿವರಿಸಬಲ್ಲ ಸಂಶೋಧನಾ ವಿದ್ಯಾರ್ಥಿಗಳು ಒಬ್ಬಿಬ್ಬರು ಇದ್ದರೆ ಮಕ್ಕಳಿಗೆ ಬಹಳ ಅನುಕೂಲ."

ಕೊನೆಯ ಆ ಒಂದು ವಾಕ್ಯವನ್ನು ಬಿಡಬೇಡಿ. ಮಕ್ಕಳ ಜೊತೆ ನಿಜವಾಗಿ ನಿಲ್ಲುವವರು ಸಂಶೋಧನಾ ವಿದ್ಯಾರ್ಥಿಗಳೇ. ಅವರಲ್ಲಿ ಹಳ್ಳಿಯ ಸರ್ಕಾರಿ ಶಾಲೆಯಲ್ಲೇ ಓದಿ ಬಂದವರೂ ಇರುತ್ತಾರೆ. ಬಿಳಿ ಕೋಟು ಹಾಕಿದ ಅಕ್ಕ "ನಾನೂ ನಿಮ್ಮ ಹಾಗೆ ಕನ್ನಡ ಮೀಡಿಯಂ" ಅಂದರೆ, ಅದರಿಂದ ಬರುವ ಧೈರ್ಯವನ್ನು ನಾವು ಶಿಕ್ಷಕರು ಎಷ್ಟು ಪಾಠ ಮಾಡಿದರೂ ಕೊಡಲಾರೆವು.

ಇನ್ನೊಂದು ಕೋರಿಕೆಯನ್ನು ಫೋನಿನಲ್ಲಿ ವಿನಯವಾಗಿ ಹೇಳಿ: ವೇದಿಕೆ ಕಾರ್ಯಕ್ರಮ ಬೇಡ. ಪ್ರಾರ್ಥನೆ, ಸ್ವಾಗತ, ಹಾರ ತುರಾಯಿ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಎಲ್ಲ ಸೇರಿ ಒಂದೂವರೆ ಗಂಟೆ ಹೋದರೆ ಪ್ರಯೋಗಾಲಯಕ್ಕೆ ಉಳಿಯುವುದು ಅರ್ಧ ಗಂಟೆ. ದೂರದಿಂದ ಬಂದ ಮಕ್ಕಳ ಹೊತ್ತು ಬಹಳ ಬೆಲೆಯುಳ್ಳದ್ದು.

ದಿನಾಂಕದ ವಿಚಾರ. ಜುಲೈ, ಆಗಸ್ಟ್, ಸೆಪ್ಟೆಂಬರ್, ಆಮೇಲೆ ದಸರಾ ರಜೆ ಮುಗಿದ ನಂತರ ನವೆಂಬರ್ ಒಳ್ಳೆಯ ತಿಂಗಳುಗಳು. ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಗಳಿಗೆ ಅಡ್ಡ ಹೋಗದಂತೆ ಮೊದಲೇ ವಿಚಾರಿಸಿ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರ ಅದೇ ದಿನ ಸಿ.ವಿ. ರಾಮನ್ 'ರಾಮನ್ ಪರಿಣಾಮ'ವನ್ನು ಕಂಡುಹಿಡಿದಿದ್ದರು. ಆ ವಾರ ಎಲ್ಲ ಕಡೆ ಕಾರ್ಯಕ್ರಮಗಳು ಇರುತ್ತವೆ ನಿಜ, ಆದರೆ ಎಲ್ಲ ಶಾಲೆಗಳೂ ಅದೇ ವಾರ ಕೇಳುತ್ತವೆ, ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಆಗ ಪರೀಕ್ಷೆಯ ಒತ್ತಡ. ಐಐಎಸ್‌ಸಿ ಓಪನ್ ಡೇಗೆ ಹೋಗುವುದಾದರೆ 8 ಮತ್ತು 9ನೇ ತರಗತಿಯವರನ್ನು ಕರೆದೊಯ್ಯಿರಿ.

ಹಂತ 5: ಅನುಮತಿ, ಬಸ್ಸು, ಹಣ

ಮುಖ್ಯ ಶಿಕ್ಷಕರ ಒಪ್ಪಿಗೆ, ಎಸ್‌ಡಿಎಂಸಿ ಸಭೆಯ ನಡಾವಳಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ, ಪ್ರತಿ ಮಗುವಿನ ಪೋಷಕರ ಸಹಿಯಿರುವ ಒಪ್ಪಿಗೆ ಪತ್ರ: ನಾಲ್ಕೂ ಲಿಖಿತವಾಗಿ ಬೇಕು. ಶೈಕ್ಷಣಿಕ ಪ್ರವಾಸದ ಬಗ್ಗೆ ಶಿಕ್ಷಣ ಇಲಾಖೆ ಹೊರಡಿಸುವ ಸುತ್ತೋಲೆಯಲ್ಲಿ ವಾಹನ, ಹೊತ್ತು, ಜೊತೆಗಿರುವ ಶಿಕ್ಷಕರ ಕುರಿತ ನಿಯಮಗಳು ಇರುತ್ತವೆ. ಆ ವರ್ಷದ ಸುತ್ತೋಲೆಯನ್ನೇ ಓದಿ, ಹೋದ ವರ್ಷದ್ದನ್ನು ನಂಬಬೇಡಿ. ಹೆಣ್ಣುಮಕ್ಕಳು ಇದ್ದ ಮೇಲೆ ಶಿಕ್ಷಕಿಯೊಬ್ಬರು ಜೊತೆಗಿರಲೇಬೇಕು.

ಬಸ್ಸಿಗೆ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಸಾಂದರ್ಭಿಕ ಒಪ್ಪಂದದ ಮೇಲೆ ಕೇಳಿ. ಇಡೀ ಬಸ್ಸನ್ನು ದಿನಕ್ಕೆ ಗೊತ್ತು ಮಾಡಿಕೊಳ್ಳುವ ವ್ಯವಸ್ಥೆ ಅದು. ಮದುವೆ ಸೀಸನ್‌ನಲ್ಲಿ ಸಿಗುವುದು ಕಷ್ಟ. ಹತ್ತಿರದ ಕಾಲೇಜಾದರೆ ಇದೆಲ್ಲ ಬೇಕಾಗಿಲ್ಲ, ಬೆಳಗಿನ ಮಾಮೂಲಿ ಬಸ್ಸಿನಲ್ಲೇ ಹೋಗಿ ಬರಬಹುದು. ಹತ್ತಿರದಿಂದ ಶುರು ಮಾಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಹಣ ಕೊಡಲಾಗದ ಮಗು ಹಿಂದುಳಿಯುವಂತಾಗಬಾರದು. ಹಳೆಯ ವಿದ್ಯಾರ್ಥಿಗಳು, ಪಂಚಾಯಿತಿ, ಊರಿನ ಹಾಲಿನ ಸೊಸೈಟಿಯನ್ನು ಕೇಳಿ. ವಿಜ್ಞಾನದ ಕೆಲಸಕ್ಕೆ ಅಂದರೆ ಜನ ಕೊಡುತ್ತಾರೆ.

ಮಕ್ಕಳನ್ನು ಹೇಗೆ ಆರಿಸಬೇಕು? ಇಡೀ ತರಗತಿಯನ್ನು ಕರೆದೊಯ್ಯಿರಿ. ಅದು ಆಗದಿದ್ದರೆ, ಪ್ರಶ್ನೆ ಬರೆದುಕೊಟ್ಟವರೆಲ್ಲರ ಹೆಸರು ಹಾಕಿ ಚೀಟಿ ಎತ್ತಿ. ಅಂಕ ನೋಡಿ ಮೊದಲ ಹತ್ತು ಮಂದಿಯನ್ನು ಮಾತ್ರ ಒಯ್ಯುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ದಾರಿಗಳು ಹೇಗೂ ಸಿಗುತ್ತವೆ. ಪುಸ್ತಕದಲ್ಲಿ ಹಿಂದೆ ಬಿದ್ದು ಕೈಕೆಲಸದಲ್ಲಿ ಚುರುಕಾದ ಮಗುವಿಗೆ ಪ್ರಯೋಗಾಲಯವೇ ಸರಿಯಾದ ಜಾಗ.

ಹಂತ 6: ಹೊರಡುವ ಮುಂಚಿನ ವಾರ

ಎರಡು ಕೆಲಸ ಮಾಡಿಸಿ.

ಮೊದಲನೆಯದು ಪದಗಳ ಪಟ್ಟಿ. ನಮ್ಮ ಮಕ್ಕಳು ವಕ್ರೀಭವನ, ರೋಹಿತ, ಜೀವಕೋಶ, ಕಿಣ್ವ ಎಂದು ಓದಿರುತ್ತಾರೆ. ಅಲ್ಲಿ ಕನ್ನಡದಲ್ಲೇ ವಿವರಿಸುವವರ ಬಾಯಲ್ಲೂ ರಿಫ್ರ್ಯಾಕ್ಷನ್, ಸ್ಪೆಕ್ಟ್ರಮ್, ಸೆಲ್, ಎನ್‌ಜೈಮ್ ಎಂದೇ ಬರುತ್ತದೆ. ಗೊತ್ತಿರುವ ವಿಷಯವೂ ಗೊತ್ತಿಲ್ಲ ಅನ್ನಿಸಿ ಮಗು ಸುಮ್ಮನಾಗುತ್ತದೆ. ಆ ದಿನದ ವಿಷಯಕ್ಕೆ ಬೇಕಾದ ಇಪ್ಪತ್ತು ಜೋಡಿ ಪದಗಳನ್ನು ಒಂದು ಹಾಳೆಯಲ್ಲಿ ಬರೆಸಿ ಕೈಗೆ ಕೊಡಿ.

ಎರಡನೆಯದು, ಅಲ್ಲಿ ನೋಡಲಿರುವುದರ ಚಿಕ್ಕ ರೂಪವನ್ನು ಶಾಲೆಯಲ್ಲೇ ಮಾಡಿಸುವುದು. ಭೌತ ವಿಭಾಗಕ್ಕೆ ಹೋಗುವುದಾದರೆ ರೋಹಿತದರ್ಶಕ ಮಾಡಿಸಿ. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ಸಾಧನ ಅದು. ಶೂ ಡಬ್ಬಿ, ಹಳೆಯ ಸಿ.ಡಿ., ಎರಡು ಕಾಗದದ ಪಟ್ಟಿ ಇದ್ದರೆ ಸಾಕು. ಡಬ್ಬಿಯ ಒಂದು ತುದಿಯಲ್ಲಿ ಕಿಂಡಿ ಕೊರೆದು, ಎರಡು ಪಟ್ಟಿಗಳ ನೇರ ಅಂಚುಗಳನ್ನು ಎದುರುಬದುರಾಗಿ ಅಂಟಿಸಿ ಕೂದಲೆಳೆಯಷ್ಟು ಸೀಳು ಉಳಿಸಿ. ಇನ್ನೊಂದು ತುದಿಯಲ್ಲಿ ಸಿ.ಡಿ.ಯನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲ್ಭಾಗದಲ್ಲಿ ಕಣ್ಣಿಟ್ಟು ನೋಡಲು ಒಂದು ತೂತು ಮಾಡಿ. ಸಿ.ಡಿ.ಯ ಮೇಲೆ ಒಂದು ಮಿಲಿಮೀಟರಿಗೆ ಸುಮಾರು 625 ಗೆರೆಗಳಿವೆ. ಬೆಳಕನ್ನು ಬಣ್ಣಬಣ್ಣವಾಗಿ ಚದುರಿಸುವುದು ಅವೇ. ಹಳೆಯ ತಂತಿಯ ಬಲ್ಬಿನ ಕಡೆ ಹಿಡಿದರೆ ಕೆಂಪಿನಿಂದ ನೇರಳೆವರೆಗೆ ಎಡೆಬಿಡದ ಪಟ್ಟಿ ಕಾಣುತ್ತದೆ. ಸಿಎಫ್‌ಎಲ್ ಕಡೆ ಹಿಡಿದರೆ ಪಟ್ಟಿ ತುಂಡಾಗಿ ಹಸಿರು, ಕಿತ್ತಳೆ, ನೀಲಿಯ ಗೆರೆಗಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಗಾಢವಾಗಿದ್ದು ಅದರ ಪಕ್ಕದಲ್ಲಿ ಬೆಳಕು ತಗ್ಗಿರುತ್ತದೆ. ಇದನ್ನು ನೋಡಿದ ಮಗು ವಿಶ್ವವಿದ್ಯಾಲಯದಲ್ಲಿ ದೊಡ್ಡ ರೋಹಿತದರ್ಶಕದ ಮುಂದೆ ನಿಂತಾಗ "ನಮ್ಮ ಡಬ್ಬಿಯಲ್ಲಿ ಗೆರೆ ಇಷ್ಟು ಸಣ್ಣಗಿರಲಿಲ್ಲ, ಯಾಕೆ?" ಎಂದು ಕೇಳಬಲ್ಲದು. ಇದರಲ್ಲಿ ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ಮೂರು ಸಲ ಹೇಳಿ. ಕಣ್ಣು ಹೋಗುತ್ತದೆ.

ಹಂತ 7: ಆ ದಿನ

ಎಂಟು ಹತ್ತು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ದೊಡ್ಡವರು. ಮಕ್ಕಳ ಹೆಸರು, ಪೋಷಕರ ಫೋನ್ ನಂಬರ್ ಇರುವ ಪಟ್ಟಿ ಇಬ್ಬರು ಶಿಕ್ಷಕರ ಹತ್ತಿರ ಕಾಗದದಲ್ಲೇ ಇರಲಿ. ಮುಚ್ಚಿದ ಪಾದರಕ್ಷೆ, ಬಿಗಿಯಾಗಿ ಕಟ್ಟಿದ ಜಡೆ, ಪಿನ್ ಹಾಕಿದ ದುಪ್ಪಟ್ಟ. ರಸಾಯನ ಪ್ರಯೋಗಾಲಯದಲ್ಲಿ ಅಲ್ಲಿನವರು ಹೇಳದೆ ಏನನ್ನೂ ಮುಟ್ಟುವ ಹಾಗಿಲ್ಲ, ಮೂಸುವ, ತಿನ್ನುವ ಹಾಗಂತೂ ಇಲ್ಲವೇ ಇಲ್ಲ. ಅಲ್ಲಿಂದ ಹೊರಬಂದ ಮೇಲೆ ಕೈ ತೊಳೆದೇ ಊಟ.

ದ್ರವ ಸಾರಜನಕದ ಪ್ರಯೋಗ ತೋರಿಸುವುದುಂಟು. ಹೂವನ್ನು ಅದ್ದಿ ತೆಗೆದು ತಟ್ಟಿದರೆ ಗಾಜಿನಂತೆ ಪುಡಿಯಾಗುತ್ತದೆ. ಅದರ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಮೈಗೆ ತಾಗಿದರೆ ಸುಟ್ಟ ಗಾಯದಂತೆಯೇ ಆಗುತ್ತದೆ. ಮುಂದಿನ ಸಾಲಿನ ಮಕ್ಕಳನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ. ಲೇಸರ್ ಇದ್ದರೆ ಅದರ ಕಿರಣದ ಮಟ್ಟಕ್ಕೆ ಕಣ್ಣು ತರಬಾರದು.

ಐಐಎಸ್‌ಸಿ ಓಪನ್ ಡೇಗೆ ಹೋಗುವವರಿಗೆ ಪ್ರತ್ಯೇಕವಾಗಿ ನಾಲ್ಕು ಮಾತು. ಆವರಣ ಬಹಳ ದೊಡ್ಡದು, ಎಲ್ಲವನ್ನೂ ನೋಡುತ್ತೇವೆ ಎಂದು ಹೊರಟರೆ ನಡೆದು ಸುಸ್ತಾಗುವುದಷ್ಟೇ ಉಳಿಯುತ್ತದೆ. ಹಿಂದಿನ ದಿನವೇ ನಾಲ್ಕೈದು ವಿಭಾಗ ಆರಿಸಿ, ಒಂದರ ಪಕ್ಕ ಒಂದಿರುವಂತೆ ನಕ್ಷೆ ನೋಡಿ ಹೊಂದಿಸಿ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಮಧ್ಯಾಹ್ನದ ಹೊತ್ತಿಗೆ ಸಾಲುಗಳು ಉದ್ದವಾಗುತ್ತವೆ. ಚದುರಿದರೆ ಎಲ್ಲಿ ಸೇರಬೇಕು ಎಂಬ ಜಾಗವನ್ನು ಇಳಿದ ಕೂಡಲೇ ಎಲ್ಲರಿಗೂ ತೋರಿಸಿ. ಚಿತ್ರಾನ್ನವೋ ಪುಳಿಯೋಗರೆಯೋ ಕಟ್ಟಿಕೊಂಡು ಹೋಗಿ, ನೀರು ಜಾಸ್ತಿ ಇರಲಿ.

ಆ ದಿನ ಮಕ್ಕಳಿಗೆ ಟಿಪ್ಪಣಿ ಬರೆಯುವ ಹೊರೆ ಬೇಡ. ನೋಡಲಿ, ಕೇಳಲಿ. ಅವರ ಪರವಾಗಿ ನೀವೇ ಪ್ರಶ್ನೆ ಕೇಳುವ ಆಸೆಯನ್ನು ತಡೆದುಕೊಳ್ಳಿ. ಮೌನ ಸ್ವಲ್ಪ ಹೊತ್ತು ಇದ್ದರೂ ಇರಲಿ, ಒಂದು ಮಗು ಬಾಯಿಬಿಟ್ಟ ಮೇಲೆ ಉಳಿದವರು ತಾವಾಗಿಯೇ ಶುರು ಮಾಡುತ್ತಾರೆ. ಗುಂಪಿನ ಫೋಟೊ ಹೊರಡುವಾಗ ಒಂದೇ ಸಲ ತೆಗೆಯಿರಿ.

ಹಂತ 8: ಬಂದ ಮೇಲೆ

ವಾರದೊಳಗೆ ಮಕ್ಕಳ ಕೈಬರಹದ ಪತ್ರಗಳನ್ನು ವಿಭಾಗಕ್ಕೆ ಕಳಿಸಿ. ಜೊತೆಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ದಿನಾಂಕ, ಮಕ್ಕಳ ಸಂಖ್ಯೆ, ನಡೆದ ಚಟುವಟಿಕೆ ನಮೂದಿಸಿ ಒಂದು ಕೃತಜ್ಞತಾ ಪತ್ರ. ನ್ಯಾಕ್ ಕಡತಕ್ಕೆ ಅವರಿಗೆ ಅದೇ ದಾಖಲೆ. ಮುಂದಿನ ಸಲ ನಿಮ್ಮ ಫೋನನ್ನು ಸಂತೋಷದಿಂದ ಎತ್ತುತ್ತಾರೆ.

ಒಡನಾಟ ಉಳಿಯಬೇಕಾದರೆ ಜೊತೆಯಾಗಿ ಮಾಡುವ ಕೆಲಸ ಒಂದು ಬೇಕು. ಖರ್ಚಿಲ್ಲದ ಒಂದನ್ನು ಹೇಳುತ್ತೇನೆ: ನೆರಳು ಅಳೆದು ಭೂಮಿಯ ಸುತ್ತಳತೆ ಕಂಡುಹಿಡಿಯುವುದು. ಎರಟೋಸ್ತನೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ನಮ್ಮ ರಾಜ್ಯ ತೆಂಕಣದಿಂದ ಬಡಗಣಕ್ಕೆ ಸಾಕಷ್ಟು ಉದ್ದವಿರುವುದು ಇದಕ್ಕೆ ಅನುಕೂಲ. ಮೈಸೂರಿನ ಒಂದು ಶಾಲೆ, ಬೀದರಿನ ಒಂದು ಶಾಲೆ ಒಂದೇ ದಿನ 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅತಿ ಚಿಕ್ಕ ನೆರಳನ್ನು ಅಳೆಯಲಿ. ಡಿಸೆಂಬರ್ 22ರ ಹೊತ್ತಿಗೆ ಮೈಸೂರಿನಲ್ಲಿ ನೆರಳು ಸುಮಾರು 72 ಸೆಂ.ಮೀ., ಬೀದರಿನಲ್ಲಿ ಸುಮಾರು 88 ಸೆಂ.ಮೀ. ಇರುತ್ತದೆ. ಕೋಲು ಮತ್ತು ನೆರಳಿನ ಅಳತೆಯಲ್ಲಿ ತ್ರಿಭುಜ ಬರೆದು ಕೋನಮಾಪಕದಿಂದ ಕೋನ ಅಳೆದರೆ ಎರಡೂರಿನ ವ್ಯತ್ಯಾಸ 5.6 ಡಿಗ್ರಿ ಆಸುಪಾಸು ಬರಬೇಕು. ಉತ್ತರ ದಕ್ಷಿಣವಾಗಿ ಎರಡೂರಿನ ನಡುವೆ ಸುಮಾರು 620 ಕಿ.ಮೀ. 360ನ್ನು 5.6ರಿಂದ ಭಾಗಿಸಿ 620ರಿಂದ ಗುಣಿಸಿದರೆ 40,000 ಕಿ.ಮೀ.ಗೆ ಬಹಳ ಹತ್ತಿರ. ಭೂಮಿಯ ನಿಜವಾದ ಸುತ್ತಳತೆಯೂ ಅಷ್ಟೇ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಅತಿ ಚಿಕ್ಕ ನೆರಳು ಗಡಿಯಾರದ 12 ಗಂಟೆಗೆ ಬೀಳುವುದಿಲ್ಲ. ನಮ್ಮ ಕಡೆ ಊರು ಮತ್ತು ದಿನಾಂಕಕ್ಕೆ ತಕ್ಕಂತೆ ಕೆಲವೇ ನಿಮಿಷಗಳಿಂದ ಮುಕ್ಕಾಲು ಗಂಟೆವರೆಗೆ ತಡವಾಗುತ್ತದೆ. 11.50ರಿಂದ 1 ಗಂಟೆವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿ, ಅದರಲ್ಲಿ ಚಿಕ್ಕದನ್ನು ಆರಿಸಿ. ಕೋಲು ನೆಟ್ಟಗಿದೆಯೇ ಎಂದು ತೂಗುಗುಂಡಿನಿಂದ ನೋಡಿ. ಯಾಕೆ ತಡವಾಗುತ್ತದೆ, ನಮ್ಮ ಲೆಕ್ಕದಲ್ಲಿ ತಪ್ಪು ಎಷ್ಟಿರಬಹುದು ಎಂಬುದನ್ನು ಭೌತ ವಿಭಾಗದವರಿಗೆ ಫೋನಿನಲ್ಲೋ ವಿಡಿಯೊ ಕರೆಯಲ್ಲೋ ಮಕ್ಕಳೇ ಕೇಳಲಿ. ಎರಡನೇ ಭೇಟಿಗೆ ಅದೇ ನೆಪವಾಗುತ್ತದೆ.

ಕೋಲಿನ ನೆರಳೇ ಕಾಣದಿರುವ ದಿನವೂ ಇದೆ, ಶೂನ್ಯ ನೆರಳಿನ ದಿನ. ಕರ್ನಾಟಕದ ಪ್ರತಿ ಊರಿಗೂ ವರ್ಷಕ್ಕೆ ಎರಡು ಸಲ ಬರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್‌ನಲ್ಲಿ ಮೋಡ. ಆದರೂ ಆಗಸ್ಟ್‌ನಲ್ಲಿ ಕೋಲು ನೆಟ್ಟು ಕಾಯಿರಿ.

ಹಂತ 9: ಹೆಚ್ಚು ಆಸಕ್ತಿ ತೋರುವ ಒಬ್ಬಿಬ್ಬರಿಗೆ

ಭೇಟಿಯ ನಂತರ ನಿಮ್ಮ ಹಿಂದೆ ಬೀಳುವ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಮುಂದಿನ ದಾರಿಗೆ ಹಚ್ಚಿ.

ಪ್ರೌಢಶಾಲೆಯವರಿಗೆ ಇನ್‌ಸ್ಪೈರ್ ಮಾನಕ್ ಇದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು. ಒಂದು ಶಾಲೆಯಿಂದ ಐದು ಮಕ್ಕಳ ಹೊಸ ಆಲೋಚನೆಗಳನ್ನು ಆನ್‌ಲೈನ್‌ನಲ್ಲಿ ಕಳಿಸಬಹುದು, ಆಯ್ಕೆಯಾದರೆ ಮಾದರಿ ತಯಾರಿಸಲು ಮಗುವಿನ ಖಾತೆಗೆ 10,000 ರೂಪಾಯಿ. ಅಂಗಡಿಯಿಂದ ತಂದ ಮಾಡೆಲ್, ಯೂಟ್ಯೂಬ್ ನೋಡಿ ನಕಲು ಮಾಡಿದ್ದು ಕಳಿಸಬೇಡಿ. ಮನೆಯ, ಹೊಲದ ಒಂದು ತೊಂದರೆಗೆ ಮಗು ತಾನೇ ಯೋಚಿಸಿದ ಪರಿಹಾರ ಸಾಕು. 9ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಅದೇ ಇಲಾಖೆಯ 'ವಿಜ್ಞಾನ ಜ್ಯೋತಿ' ಇದೆ, ಜವಾಹರ ನವೋದಯ ವಿದ್ಯಾಲಯಗಳ ಮೂಲಕ ನಡೆಯುತ್ತದೆ. ನಿಮ್ಮ ಜಿಲ್ಲೆಯ ನವೋದಯದಲ್ಲಿ ವಿಚಾರಿಸಿ.

ಎಸ್‌ಎಸ್‌ಎಲ್‌ಸಿಯಲ್ಲಿ ಮೇಲಿನ ಶೇ 1ರೊಳಗೆ ಬಂದು ಪಿಯುಸಿ ವಿಜ್ಞಾನ ಸೇರಿದವರಿಗೆಂದು ರೂಪಿಸಿದ್ದು ಇನ್‌ಸ್ಪೈರ್ ಶಿಬಿರ. ಐದು ದಿನ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ನಡೆಸುತ್ತಾರೆ. ಈ ವರ್ಷ ಎಲ್ಲಿ ನಡೆಯುತ್ತದೆ ಎಂದು ಪಿಯು ಕಾಲೇಜಿನ ಮೂಲಕ ಕೇಳಿಸಿ.

ಬೆಂಗಳೂರಿನ ಮಕ್ಕಳಿಗೆ ನೆಹರೂ ತಾರಾಲಯವಿದೆ. ಭೌತಶಾಸ್ತ್ರ ಓದುವ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗಾಗಿ ಅದು ನಡೆಸುವ 'ರೀಪ್' ತರಗತಿಗಳು ಹೆಸರುವಾಸಿ. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಪದವಿ ಓದುತ್ತಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಬಗ್ಗೆ ತಿಳಿಸಿ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಅದಕ್ಕೆ ಭತ್ಯೆಯೂ ಉಂಟು. ಬೇಸಿಗೆಯದ್ದಾದರೂ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು. ಏಪ್ರಿಲ್‌ನಲ್ಲಿ ಎಚ್ಚೆತ್ತು ಕೈತಪ್ಪಿಸಿಕೊಂಡವರು ಬಹಳ. ಶಿಕ್ಷಕರಿಗೂ ಅದರಲ್ಲಿ ಅವಕಾಶವಿದೆ.

ದೊಡ್ಡ ಸಂಸ್ಥೆಯ ಹೆಸರು ಹಾಕಿಕೊಂಡು ಸಾವಿರಾರು ರೂಪಾಯಿ ಕೇಳುವ ಶಿಬಿರ, ಪರೀಕ್ಷೆ, 'ಪುಟ್ಟ ವಿಜ್ಞಾನಿ' ಪ್ರಮಾಣಪತ್ರಗಳೂ ಪೇಟೆಯಲ್ಲಿವೆ. ಸಂಸ್ಥೆಯ ಆವರಣದಲ್ಲಿ ಸಭಾಂಗಣ ಬಾಡಿಗೆಗೆ ಪಡೆದ ಮಾತ್ರಕ್ಕೆ ಅದು ಆ ಸಂಸ್ಥೆಯ ಕಾರ್ಯಕ್ರಮವಲ್ಲ. ಪ್ರಕಟಣೆ ಆ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಇದೆಯೇ ನೋಡಿ. ವಿಳಾಸದ ಕೊನೆ ಸಾಮಾನ್ಯವಾಗಿ ಎಸಿ ಡಾಟ್ ಇನ್, ಆರ್‌ಇಎಸ್ ಡಾಟ್ ಇನ್ ಅಥವಾ ಜಿಒವಿ ಡಾಟ್ ಇನ್ ಇರುತ್ತದೆ. ಅನುಮಾನ ಬಂದರೆ ಹಣ ಕಟ್ಟುವ ಮೊದಲು ಆ ವಿಭಾಗಕ್ಕೆ ಫೋನ್ ಮಾಡಿ ಕೇಳಿ.

ಹಂತ 10: ಕಡತ ಶಾಲೆಯಲ್ಲಿರಲಿ

ವಿಜ್ಞಾನ ಶಿಕ್ಷಕರಿಗೆ ವರ್ಗಾವಣೆಯಾದ ಕೂಡಲೇ ವರ್ಷಗಳ ಸಂಬಂಧ ಕಡಿದುಹೋಗುತ್ತದೆ, ಯಾಕೆಂದರೆ ಫೋನ್ ನಂಬರುಗಳೆಲ್ಲ ಅವರ ಮೊಬೈಲಿನಲ್ಲೇ ಹೋಗಿರುತ್ತವೆ. ಮೊದಲ ಭೇಟಿಯಿಂದಲೇ ಒಂದು ಕಡತ ತೆರೆದು ಮುಖ್ಯ ಶಿಕ್ಷಕರ ಕೊಠಡಿಯಲ್ಲಿಡಿ. ಅದರಲ್ಲಿ ಇವಿಷ್ಟು ಇರಲಿ: ಕಳಿಸಿದ ಪತ್ರ ಮತ್ತು ಬಂದ ಉತ್ತರದ ಪ್ರತಿ, ವಿಭಾಗದ ಕಚೇರಿಯ ದೂರವಾಣಿ ಮತ್ತು ಇಮೇಲ್, ಅನುಮತಿ ಪತ್ರಗಳು, ಬಸ್ಸಿಗೆ ಆದ ಖರ್ಚು, ಮಕ್ಕಳು ಕೇಳಿದ ಪ್ರಶ್ನೆಗಳ ಪಟ್ಟಿ, ಅದರಲ್ಲಿ ಉತ್ತರ ಸಿಗದೆ ಉಳಿದವು ಯಾವುವು ಎಂಬ ಗುರುತು, ನೀರಿನ ಅಥವಾ ನೆರಳಿನ ಅಳತೆಗಳ ಹಾಳೆ. ಉತ್ತರ ಸಿಗದ ಪ್ರಶ್ನೆಗಳ ಹಾಳೆಯನ್ನು ಎಲ್ಲಕ್ಕಿಂತ ಮೇಲಿಡಿ. ಮುಂದಿನ ವರ್ಷ ಯಾರೇ ಶಿಕ್ಷಕರು ಬಂದರೂ ವಿಭಾಗಕ್ಕೆ ಬರೆಯುವ ಪತ್ರವನ್ನು ಅಲ್ಲಿಂದಲೇ ಶುರು ಮಾಡಬಹುದು.